ನಿಂಬೆಹಣ್ಣು ಚುಚ್ಚಿದ ಮಡಚುಚಾಕು

ಚಾಕು ಕೊಳ್ಳುವುದು, ಹೆಣ್ಣು ನೋಡುವುದು ಎರಡೂ ನನಗೆ ಒಂದೇ ಬೇಸಿಗೆಯಲ್ಲಿ ಕೂಡಿಬಂದವು. ಹೆಣ್ಣು ಒಪ್ಪುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಚಾಕು ಒಪ್ಪುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಈ ಮಾತು ಬಂದಾಗಲೆಲ್ಲ ನನ್ನ ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಾಳೆ.

ಐವತ್ತರ ದಶಕದ ಕೊನೆಯ ವರ್ಷಗಳು. ಜಯನಗರ ಆಗಿನ್ನೂ ಅರ್ಧ ಊರು, ಅರ್ಧ ಹೊಲ. ನಮ್ಮ ಹಳ್ಳಿಯ ರಾಗಿ ಹೊಲಗಳಲ್ಲಿ ಸೈಟು ಗುರುತಿಸಿ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು, ಒಂದೊಂದಕ್ಕೂ ಒಂದೊಂದು ನಂಬರು. ನಮಗೆ ಉಳಿದದ್ದು ಕೆರೆ ಏರಿಯ ಕೆಳಗಿನ ಒಂದು ತುಂಡು ಜಮೀನು. ಅಪ್ಪ ಅದರಲ್ಲಿ ಸೊಪ್ಪು ಹಾಕೋಣ ಎಂದ. ನಾನು ಗಿಡ ಮಾಡಿ ಮಾರೋಣ ಎಂದು ಹಟ ಹಿಡಿದೆ. ಹೊಸದಾಗಿ ಮನೆ ಕಟ್ಟುತ್ತಿದ್ದ ಆಫೀಸಿನ ಜನಕ್ಕೆಲ್ಲ ಕಾಂಪೌಂಡಿನೊಳಗೆ ಒಂದು ಕಸಿ ಮಾವು, ಒಂದು ಸಪೋಟ, ಗೇಟಿನ ಪಕ್ಕ ನಾಲ್ಕು ಗುಲಾಬಿ ಬೇಕೇ ಬೇಕಿತ್ತು. ಸೊಪ್ಪು ಒಂದು ದಿನಕ್ಕೆ ಬಾಡುತ್ತದೆ, ಗಿಡ ಬಾಡುವುದಿಲ್ಲ ಎಂದು ವಾದ ಮಾಡಿದೆ. ವಾದದಲ್ಲಿ ನನ್ನನ್ನು ಗೆಲ್ಲುವುದು ಕಷ್ಟ ಎಂದು ಅಪ್ಪನಿಗೆ ಗೊತ್ತಿತ್ತು. ನಾನು ಸರಿ ಎಂದಲ್ಲ, ಸುಮ್ಮನಾಗುವ ಜಾತಿಯವನಲ್ಲ ಎಂದು.

ಕಸಿ ಕಟ್ಟುವುದನ್ನು ನನಗೆ ಕಲಿಸಿದವನು ತೋಟದ ಕೆಲಸದಿಂದ ನಿವೃತ್ತನಾದ ಒಬ್ಬ ಮುದುಕ ಮೇಸ್ತ್ರಿ. ಗುಲಾಬಿಯ ತೊಗಟೆ ಸೀಳಿ, ಒಳಗೆ ಬೇರೆ ಗಿಡದ ಚಿಗುರೊಡೆಯುವ ಕಣ್ಣು ಕೂರಿಸಿ, ಬಾಳೆ ನಾರಿನಿಂದ ಬಿಗಿಯಾಗಿ ಸುತ್ತಬೇಕು. "ಕುಯ್ದ ಮ್ಯಾಲೆ ಗಾಳಿ ಆಡಬಾರ್ದು ಕಣಪ್ಪ. ಒತ್ತಿ ಹಿಡ್ಕೊ. ನಾರು ಸುತ್ತೋಗಂಟ ಬಿಡಬ್ಯಾಡ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಅವನ ಹತ್ತಿರ ವಿಲಾಯಿತಿಯಿಂದ ಬಂದ, ಎರಡು ಅಲಗಿನ ಒಂದು ಸೀಮೆ ಚಾಕು ಇತ್ತು. ಅದನ್ನು ದಾರ ಕಟ್ಟಿ ವೇಸ್ಟ್‌ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ವಿದ್ಯೆ ಧಾರಾಳವಾಗಿ ಕೊಟ್ಟ, ಚಾಕು ಮಾತ್ರ ಮುಟ್ಟಗೊಡಲಿಲ್ಲ. ನಾನು ಊರ ಕಮ್ಮಾರ ಗಾಡಿ ಚಕ್ರದ ಕಬ್ಬಿಣದ ಪಟ್ಟಿಯಲ್ಲಿ ಬಡಿದುಕೊಟ್ಟ ಕತ್ತಿಯಿಂದಲೇ ಗುಲಾಬಿ ಸೀಳುತ್ತಿದ್ದೆ. ಅದರಲ್ಲಿ ಹಲಸಿನ ಹಣ್ಣು ಚೆನ್ನಾಗಿ ಕೊಯ್ಯಬಹುದಿತ್ತು. ಗುಲಾಬಿಯ ತೊಗಟೆ ಜಜ್ಜಿಹೋಗುತ್ತಿತ್ತು. ಕ್ಷೌರಿಕನ ಹತ್ತಿರ ಹಳೆಯ ಬ್ಲೇಡು ಬೇಡಿ ತರುತ್ತಿದ್ದೆ, ಅವು ಎರಡು ಗಿಡಕ್ಕೆ ಮುರಿಯುತ್ತಿದ್ದವು. ಹಗ್ಗಕ್ಕೊಂದು, ಗೋಣಿಗೊಂದು, ಕಸಿಗೊಂದು ಎಂದು ಕೈಚೀಲದ ತುಂಬ ಕಬ್ಬಿಣ ಹೊತ್ತುಕೊಂಡು ಮನೆಮನೆಗೆ ಹೋಗುವಾಗ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಒಂದೇ ಹಿಡಿಯೊಳಗೆ ಮೂರು ಅಲಗು, ಚಡ್ಡಿಯ ಜೇಬಿನಲ್ಲಿ ಸದಾ ಕೂತಿರುವ ಒಂದು ಒಳ್ಳೆಯ ಚಾಕು ಬೇಕು ಎನ್ನುವುದು ನನಗೆ ಹುಚ್ಚಿನಂತೆ ಹಿಡಿದಿತ್ತು.

ಹೀಗಿರುವಾಗ ಹೊಸಕೆರೆಹಳ್ಳಿಯಲ್ಲಿ ಹೆಣ್ಣು ನೋಡಿಬಂದೆವು. ಕೆರೆ ಪಕ್ಕ ಹೂವು, ತರಕಾರಿ ಬೆಳೆಯುವ ಮನೆ. ಹುಡುಗಿ ತಲೆ ತಗ್ಗಿಸಿ ಲೋಟ ಇಟ್ಟುಹೋದಳು. ನಾನು ನೋಡಿದ್ದು ಅವಳ ಕೈಯನ್ನು. ಹೂವು ಬಿಡಿಸಿ ಬಿಡಿಸಿ ಬೆರಳ ತುದಿ ಹಸಿರುಗಟ್ಟಿತ್ತು. ಇದು ಕೆಲಸ ಗೊತ್ತಿರುವ ಕೈ ಎಂದುಕೊಂಡೆ. ವಾಪಸು ಬರುವಾಗ ಗಾಡಿಯಲ್ಲಿ ಮಾವ, ಅಂದರೆ ನನ್ನ ಅವ್ವನ ಅಣ್ಣ, "ಏನ್ಲಾ, ಹೆಂಗೆ?" ಎಂದ. ನಾನು ಆ ಒಂದು ಸಲ ವಾದ ಮಾಡಲಿಲ್ಲ.

ತೊಡಕು ಇದ್ದದ್ದು ಒಂದೇ ಕಡೆ. ಹುಡುಗಿಯ ಸೋದರತ್ತೆಗೆ ಅವಳನ್ನು ತನ್ನ ಮಗನಿಗೆ ತಂದುಕೊಳ್ಳುವ ಆಸೆ ಇತ್ತು. ನಮ್ಮ ಮನೆಯಲ್ಲಿ ಏನಾದರೂ ಐಬು ಸಿಕ್ಕೀತೇ ಎಂದು ಆಕೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಅಪಶಕುನ ಅನ್ನುವಂಥದ್ದು ಒಂದು ಸಿಕ್ಕರೂ ಸಾಕು, ಚಪ್ಪರದಲ್ಲೇ ಮದುವೆ ನಿಲ್ಲಿಸುವ ಹೆಂಗಸು ಎಂದು ಎರಡೂ ಊರಿಗೆ ಗೊತ್ತಿತ್ತು. ನನಗೆ ಆ ಹುಡುಗಿಯೇ ಬೇಕಿತ್ತು.

ನಮ್ಮಲ್ಲಿ ಮದುವೆ ಗಂಡಿಗೆ ಕಂಕಣ ಕಟ್ಟಿದ ಗಳಿಗೆಯಿಂದ ಅದನ್ನು ಬಿಚ್ಚುವವರೆಗೆ ಮೈಮೇಲೆ ಕಬ್ಬಿಣ ಇರಲೇಬೇಕು. ಕೈಯಲ್ಲಿ ಬಾಕು, ಬಾಕಿನ ಮೊನೆಗೆ ನಿಂಬೆಹಣ್ಣು. ಗಾಳಿ, ಕೆಟ್ಟ ದೃಷ್ಟಿ ಯಾವುದೂ ಹತ್ತಿರ ಸುಳಿಯುವುದಿಲ್ಲವಂತೆ. ನಮ್ಮ ವಂಶಕ್ಕೆಲ್ಲ ಒಂದೇ ಬಾಕು. ಯಾರ ಮದುವೆಯಾದರೂ ಅದು ಆ ಮನೆಗೆ ಹೋಗಿಬರುತ್ತಿತ್ತು. ಆ ವರ್ಷ ನಮ್ಮ ದಾಯಾದಿ ಮನೆಯಲ್ಲೂ ಅದೇ ದಿನ, ಅದೇ ಲಗ್ನಕ್ಕೆ ಮದುವೆ ಇಟ್ಟುಕೊಂಡರು. ಅವರು ಮೊದಲು ಕೇಳಿದ್ದರು, ಬಾಕು ಅವರ ಪಾಲಾಯಿತು.

"ಇನ್ನೊಂದು ತರಾದೇ ಆಯ್ತು" ಎಂದಳು ಅಜ್ಜಿ. ನಮ್ಮ ಮನೆಯಲ್ಲಿ ಅಜ್ಜಿ ಹೇಳಿದ್ದೇ ಆಗುತ್ತಿತ್ತು. ತಾತ ಅವಳಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ.

ನನಗೆ ಅಷ್ಟೇ ಬೇಕಾಗಿತ್ತು. "ಅಜ್ಜಿ, ಮೂರು ದಿನುದ್ ಮದುವೆಗೆ ಬಾಕು ತಂದು ಆಮೇಲೆ ಅಟ್ಟದ್ ಮ್ಯಾಲೆ ಎಸೆಯೋ ಬದ್ಲು, ಮಡಚೋ ಚಾಕು ತರ್ತೀನಿ. ಮದುವೇಲಿ ಹಿಡ್ಕಂತೀನಿ, ಆಮೇಲೆ ದಿನಾ ಕೆಲ್ಸುಕ್ಕೆ ಆಗ್ತೈತೆ" ಎಂದೆ.

ಅಜ್ಜಿ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡಳು. ಆಮೇಲೆ ತನ್ನ ಕಟ್ಟಳೆಗಳನ್ನು ಒಂದೊಂದಾಗಿ ಹೇಳಿದಳು. ಶನಿವಾರ ತರಬಾರದು. ಮೂಳೆಯ ಹಿಡಿ ಇರಬಾರದು. ಅಲಗು ತೆರೆದೇ ಇರಬೇಕು, ಬಾಯಿ ಮುಚ್ಚಿದ ಕಬ್ಬಿಣ ಕಾಯುವುದಿಲ್ಲ. ಕೊನೆಯದನ್ನು ನನ್ನ ಮುಖ ನೋಡಿ ಹೇಳಿದಳು. "ಕಂಕಣ ಬಿಚ್ಚೋಗಂಟ ಅದು ರಕ್ತ ನೋಡಬಾರ್ದು ಕಣ್ಲಾ. ನೋಡ್ತೋ, ಆ ಮದುವೆ ಹಸನಾಗಕಿಲ್ಲ."

ಇದರಲ್ಲೇನು ಕಷ್ಟ ಎಂದುಕೊಂಡು ಎಲ್ಲಕ್ಕೂ ಹೂಂ ಅಂದೆ.

ಗುರುವಾರ ನಾನೂ ಮಾವನೂ ಪೇಟೆಗೆ ಹೋದೆವು. ಚಿಕ್ಕಪೇಟೆಯ ಹಿಂದಿನ ಗಲ್ಲಿಯಲ್ಲಿ ಬೀಗ, ಚಾಕು, ಕತ್ತರಿ ಮಾರುವ ಒಂದು ಸಣ್ಣ ಅಂಗಡಿ ಇತ್ತು. ಅಂಗಡಿಯವರು ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡ ನಿಧಾನದ ಮನುಷ್ಯ. ಚಾಕು ಬೇಕೆಂದಾಗ ಒಂದು ಕಪ್ಪು ಬಟ್ಟೆ ಹಾಸಿ, ಏಳೆಂಟು ಚಾಕುಗಳನ್ನು ಸಾಲಾಗಿ ಜೋಡಿಸಿದರು. ಒಂದನ್ನೂ ಕೈಯಿಂದ ಕೈಗೆ ಕೊಡಲಿಲ್ಲ. ಬಟ್ಟೆಯ ಮೇಲೆ ಇಡುವರು, ನಾವು ಎತ್ತಿಕೊಳ್ಳಬೇಕು. "ಕೈಯಿಂದ ಕೈಗೆ ಕೊಟ್ರೆ ಜಗಳ ಆಗತ್ತೆ ಸಾರ್. ಗಿರಾಕಿ ಹತ್ರ ನಂಗ್ಯಾಕೆ ಜಗಳ?" ಎಂದರು. ಮಾವನಿಗೆ ಆ ಮನುಷ್ಯ ತಕ್ಷಣ ಹಿಡಿಸಿಬಿಟ್ಟ.

ಮೊದಲು ನಮ್ಮ ಕಣ್ಣು ಕುಕ್ಕಿದ್ದು ಎಂಟು ಸಾಮಾನಿನ ಒಂದು ದೊಡ್ಡ ಚಾಕು. ಅದರಲ್ಲಿ ಗರಗಸವಿತ್ತು, ಕತ್ತರಿಯಿತ್ತು, ಡಬ್ಬದ ಮುಚ್ಚಳ ಎಬ್ಬಿಸುವ ಕೊಕ್ಕೆಯಿತ್ತು, ಬೆನ್ನಿನಲ್ಲಿ ಹಂದಿಯ ಬಾಲದಂತೆ ಸುರುಳಿ ಸುತ್ತಿದ ಒಂದು ತಂತಿಯೂ ಇತ್ತು. ಮಾವ ಆ ಸುರುಳಿಯನ್ನು ಬಿಡಿಸಿ, ಮಡಚಿ, ಮತ್ತೆ ಬಿಡಿಸಿ, "ಇದ್ಯಾತುಕ್ಕೆ?" ಎಂದು ಕೇಳಿದ.

"ಸೀಸೆ ಬಿರಡೆ ತೆಗಿಯೋಕೆ, ಯಜಮಾನ್ರೆ. ವೈನು, ಬ್ರಾಂದಿ..."

ಮಾವ ಸುರುಳಿಯನ್ನು ಕೆಂಡ ಮುಟ್ಟಿದವನಂತೆ ಬಿಟ್ಟ. "ಇದುನ್ನ ಹಿಡ್ಕಂಡು ಹಸೆಮಣೆ ಮ್ಯಾಲೆ ನಿಂತ್ಕಂಡ್ರೆ ಬೀಗರು ಏನಂದಾರು? ಆ ಸೋದರತ್ತೆ ಕಣ್ಣಿಗೆ ಬಿತ್ತು ಅಂದ್ರೆ ಮುಗೀತು ಕಥೆ!"

ನಾನು ಅದನ್ನು ಜೇಬಿಗೆ ಇಳಿಬಿಟ್ಟು ನೋಡಿದೆ. ಚಡ್ಡಿ ಒಂದು ಕಡೆಗೆ ವಾಲಿತು. ಒಂದು ಅಲಗು ಬಿಡಿಸಲು ಹೋದರೆ ಪಕ್ಕದ ಎರಡು ಜೊತೆಗೆ ಏಳುತ್ತಿದ್ದವು. ದಿನಾ ಮೈಮೇಲೆ ಇಟ್ಟುಕೊಳ್ಳುವ ಚಾಕು ಜೇಬಿನಲ್ಲಿದೆ ಎಂಬುದೇ ಮರೆತುಹೋಗಬೇಕು, ಬೇಕಾದಾಗ ಮಾತ್ರ ಕೈಗೆ ತಾನಾಗಿ ಬರಬೇಕು ಎಂದು ಆ ಕ್ಷಣ ನನಗೆ ತಿಳಿಯಿತು. ಇನ್ನೊಂದು ಕಡೆ ಎರಡು ಅಲಗಿನವು ಇದ್ದವು. ತಗಡಿನ ಹಿಡಿ, ಅಲ್ಲಾಡುವ ಅಲಗು. ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೀದಿ ಕಾಣುತ್ತಿತ್ತು.

ಆಗ ಅವರು ಸಾಲಿನ ಕೊನೆಯದನ್ನು ಮುಂದಕ್ಕೆ ತಳ್ಳಿದರು. ಮೂರು ಅಲಗು. ದೊಡ್ಡದು ಹಗ್ಗ, ಗೋಣಿಗೆ. ಕುರಿಪಾದದಂತೆ ಮೊನೆ ಮೊಂಡಾದದ್ದು ಕಡ್ಡಿ ಸವರುವುದಕ್ಕೆ. ಚಿಕ್ಕದು, ಎಲೆಯಷ್ಟು ತೆಳ್ಳಗಿದ್ದದ್ದು, ನನ್ನ ಗುಲಾಬಿಗೆಂದೇ ಮಾಡಿದಂತಿತ್ತು. ಉಗುರು ಹಾಕಿ ಎಳೆದರೆ ಬಿಗಿಯಾಗಿ ಬಂದು, ಕೊನೆಯಲ್ಲಿ 'ಟಕ್' ಎಂದು ಕೂರುತ್ತಿತ್ತು. ಮಡಚಿದರೆ ಮತ್ತೆ 'ಟಕ್'. ನಾನು ಮೂರನ್ನೂ ತೆಗೆದು ಮುಚ್ಚಿ, ತೆಗೆದು ಮುಚ್ಚಿ ಆ ಸದ್ದು ಕೇಳುತ್ತ ನಿಂತುಬಿಟ್ಟೆ. ಹಿಡಿ ಒರಟು ಕಂದು ಬಣ್ಣದ ಕೊಂಬು. ಕೈ ಬೆವತರೂ ಜಾರದು.

"ಕಡವೆ ಕೊಂಬು ಸಾರ್" ಎಂದರು ಅಂಗಡಿಯವರು. "ನಮ್ ಕಾಡಿಂದೇ ಸೀಮೆಗೆ ಹೋಗಿ, ಚಾಕು ಆಗಿ ವಾಪಸ್ ಬಂದಿದೆ."

ಮಾವ ನನ್ನ ಭುಜ ಹಿಡಿದ. "ಕೊಂಬು ಅಂದ್ರೆ ಮೂಳೆ ಅಲ್ವೇನ್ಲಾ?"

ಅಲ್ಲ ಎಂದು ನಾನು, ಹೌದು ಎಂದು ಮಾವ. ಅಂಗಡಿಯ ಮುಂದೆ ನಾಲ್ಕು ಜನ ಸೇರಿ ಅವರೂ ಒಂದೊಂದು ಪಕ್ಷ ಹಿಡಿದರು. ಅಜ್ಜಿಯನ್ನು ಕೇಳದೆ ತೆಗೆದುಕೊಂಡರೆ ಬಾಗಿಲಲ್ಲೇ ನಿಲ್ಲಿಸುತ್ತಾಳೆಂದು ಬರಿಗೈಯಲ್ಲಿ ಬಂದೆವು. ಅಜ್ಜಿ ತನಗೂ ಗೊತ್ತಿಲ್ಲ, ಹನುಮಂತನಗರದ ಗುಡ್ಡದ ಕೆಳಗಿರುವ ನಮ್ಮ ಪುರೋಹಿತರನ್ನು ಕೇಳಬೇಕು ಎಂದಳು. ಪುರೋಹಿತರು ಮಗಳ ಮನೆಗೆ ಹೋಗಿದ್ದರು. ನಾನು ದಿನಾ ಸಂಜೆ ಅವರ ಮನೆಯವರೆಗೆ ನಡೆದು, ಬೀಗ ನೋಡಿಕೊಂಡು ಬರುತ್ತಿದ್ದೆ. ಮರುವಾರದ ಶುಕ್ರವಾರ ಸಂಜೆ ಬೀಗ ಇರಲಿಲ್ಲ. ಅವರು ಇನ್ನೂ ಕಾಲು ತೊಳೆಯುತ್ತಿದ್ದರು, ನಾನು ಅಂಗಳದಲ್ಲೇ ಪ್ರಶ್ನೆ ಹಾಕಿದೆ.

"ಕಡವೆ ಕೊಂಬು ವರ್ಷಾ ವರ್ಷಾ ತಾನಾಗೇ ಉದುರತ್ತಪ್ಪ. ಅದಕ್ಕೆ ದೋಷ ಇಲ್ಲ. ನಾವು ಜಿಂಕೆ ಚರ್ಮದ ಮೇಲೇ ಕೂತ್ಕೊಂಡು ಜಪ ಮಾಡ್ತೀವಿ. ಇದಕ್ಕೆ ಇಷ್ಟು ಆತುರ ಯಾಕೆ?" ಎಂದರು. ಅವರ ಕಾಲಿಗೆ ಬಿದ್ದು ಓಡಿಬಂದೆ.

ಮಾರನೆಯ ದಿನ ಶನಿವಾರ, ಕಬ್ಬಿಣ ತರುವಂತಿಲ್ಲ. ಭಾನುವಾರ ಅಂಗಡಿಗೆ ರಜಾ. ಆ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ನನಗಿಂತ ಬುದ್ಧಿವಂತನೊಬ್ಬ ಬಂದು ಅದನ್ನು ಎತ್ತಿಕೊಂಡು ಹೋದಂತೆಯೇ ಕಣ್ಣಿಗೆ ಕಟ್ಟುತ್ತಿತ್ತು. ಅವ್ವ, "ಹೆಣ್ಣು ನೆನಸ್ಕಂಡು ಸೊರಗ್ತಾವ್ನೆ" ಎಂದು ಪಕ್ಕದ ಮನೆಯವರಿಗೆ ಹೇಳಿದಳಂತೆ. ನಾನು ತಿದ್ದಲು ಹೋಗಲಿಲ್ಲ.

ಸೋಮವಾರ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಚಾಕು ಅಲ್ಲೇ ಇತ್ತು. ಅವರು ಅದಕ್ಕೆ ಎಣ್ಣೆ ಒರೆಸಿ, ಬಟ್ಟೆಯ ಮೇಲಿಟ್ಟು, "ಸಾರ್, ಒಂದು ಮಾತು. ಇದು ಕುಯ್ಯೋ ಚಾಕು, ಚುಚ್ಚೋ ಚಾಕು ಅಲ್ಲ. ಇದ್ರಲ್ಲಿ ಚಿಲಕ ಇಲ್ಲ, ಬರೀ ಸ್ಪ್ರಿಂಗು. ಮೊನೆ ಮೇಲೆ ಭಾರ ಬಿಡಬೇಡಿ" ಎಂದರು. ಹೂಂ ಅಂದೆ. ನನ್ನ ಕಿವಿ ಆಗಲೇ 'ಟಕ್' ಕೇಳುತ್ತಿತ್ತು, ಅವರ ಮಾತು ಒಳಗೆ ಹೋಗಲು ಜಾಗ ಇರಲಿಲ್ಲ. ಕಲಿಯುವುದು ಬಾಯಿ ಮುಚ್ಚಿಕೊಂಡು ಕೇಳುವಾಗ ಎಂದು ನನಗೆ ಯಾರಾದರೂ ಬಡಿದು ಹೇಳಬೇಕಿತ್ತು.

ಚಪ್ಪರದ ದಿನ ಅರಿಶಿನ ಹಚ್ಚಿ ಕಂಕಣ ಕಟ್ಟಿದರು. ಅಜ್ಜಿ ದೊಡ್ಡ ಅಲಗನ್ನು ತೆರೆಸಿ, ತಾನೇ ಆರಿಸಿದ ನಿಂಬೆಹಣ್ಣನ್ನು ಮೊನೆಗೆ ಚುಚ್ಚಿ, ಮಣೆಯ ಮೇಲಿಟ್ಟಳು. ನಾನು ಎತ್ತಿಕೊಂಡೆ. ಅಲ್ಲಿಂದ ಅದು ನನ್ನ ಆರನೆಯ ಬೆರಳಾಯಿತು. ಊಟಕ್ಕೆ ಕೂತರೆ ಎಡಗೈಯಲ್ಲಿ, ನಿಂತರೆ ಬಲಗೈಯಲ್ಲಿ, ಬೇಕಾದಾಗ ಸೊಂಟದ ವಸ್ತ್ರದಲ್ಲಿ. ಗೆಳೆಯರು ಬಂದು, "ಏನ್ಲಾ, ಚಾಕುಗೆ ತಾಳಿ ಕಟ್ತೀಯೋ, ಹುಡುಗೀಗೋ?" ಎಂದು ರೇಗಿಸಿದರು. ನಾನು ಅವರಿಗೆ ಉಳಿದ ಎರಡು ಅಲಗುಗಳ ಉಪಯೋಗ ವಿವರಿಸಿದೆ.

ಮುಹೂರ್ತ ಬೆಳಗ್ಗೆ, ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ. ಹೊಸಕೆರೆಹಳ್ಳಿಯ ಗಾಡಿಗಳೆಲ್ಲ ಆ ನಂಬರು ಕಲ್ಲುಗಳ ನಡುವೆ ನಿಂತಿದ್ದವು. ಸೋದರತ್ತೆ ಇಳಿದವಳೇ ಚಪ್ಪರವನ್ನು ಒಂದು ಸುತ್ತು ನೋಡಿ, ನನ್ನ ಕೈಯನ್ನು ನೋಡಿ, "ಬಾಕು ಇಲ್ವಾ ನಿಮ್ಮನೇಲಿ?" ಎಂದಳು. ಅಜ್ಜಿ, "ಇದೂ ಕಬ್ಬಿಣಾನೇ" ಎಂದಳು, ಅಷ್ಟೇ.

ಧಾರೆಗೆ ಮೊದಲು ಹಿರಿಯರಿಗೆ ನಮಸ್ಕಾರ. ಪೇಟ, ಬಾಸಿಂಗ ಕಟ್ಟಿಕೊಂಡು, ಕೈಯಲ್ಲಿ ಚಾಕು ಹಿಡಿದುಕೊಂಡೇ ಮೊಣಕಾಲೂರಿ ಅಪ್ಪನ ಕಾಲಿಗೆ ಬಗ್ಗಿದೆ. ನಿಂಬೆಹಣ್ಣು ಪಕ್ಕದ ಹಸೆಮಣೆಯ ಅಂಚಿಗೆ ಒತ್ತಿತು. ನನ್ನ ಮೈ ಭಾರವೆಲ್ಲ ಮೊನೆಯ ಮೇಲೆ ಬಿತ್ತು. 'ಟಕ್' ಎಂದಿತು. ಅಂಗಡಿಯಲ್ಲಿ ಮೆಚ್ಚಿ ಮೆಚ್ಚಿ ಕೇಳಿದ್ದ ಅದೇ ಟಕ್. ಈ ಸಲ ನಡುವೆ ನನ್ನ ತೋರುಬೆರಳಿತ್ತು.

ನೋವು ಗೊತ್ತಾಗುವ ಮೊದಲು ನಿಂಬೆಹುಳಿಯ ಉರಿ ಗೊತ್ತಾಯಿತು. ಅವ್ವಾ ಎಂದು ಕೂಗಿಕೊಂಡೆ. ಆ ಕ್ಷಣಕ್ಕೇ ವಾಲಗದವರು ಜೋರಾಗಿ ಊದಿದ್ದರಿಂದ ಅದು ಯಾರಿಗೂ ಕೇಳಲಿಲ್ಲ. ಬಗ್ಗಿದಲ್ಲೇ ಅಲಗು ಎಬ್ಬಿಸಿ ಬೆರಳು ಬಿಡಿಸಿಕೊಂಡೆ. ಸೀಳಿಹೋದ ನಿಂಬೆಹಣ್ಣನ್ನು ಹೇಗೋ ಮತ್ತೆ ಮೊನೆಗೆ ಸಿಕ್ಕಿಸಿ, ಚಾಕುವನ್ನು ಸೊಂಟಕ್ಕೆ ಸೇರಿಸಿದೆ. ಬಲಗೈಯನ್ನು ಬಿಗಿಯಾಗಿ ಮುಷ್ಟಿ ಕಟ್ಟಿದೆ. ಮುಷ್ಟಿಯೊಳಗೆ ಬೆಚ್ಚಗೆ ತುಂಬಿಕೊಳ್ಳುತ್ತಿತ್ತು. ಕಬ್ಬಿಣ ರಕ್ತ ನೋಡಿಬಿಟ್ಟಿತ್ತು. ಹೆದರಿಕೆ ಎಂದರೇನು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎನ್ನಬೇಕು. ಬೆರಳಿಗಾಗಿ ಅಲ್ಲ. ಒಂದೇ ಒಂದು ಹನಿ ಆ ಬಿಳಿ ಪಂಚೆಯ ಮೇಲೆ ಬಿದ್ದರೆ ಸೋದರತ್ತೆ ನೋಡುತ್ತಾಳೆ, ಅವಳು ನೋಡಿದರೆ ಗಾಡಿಗಳು ಹೊಸಕೆರೆಹಳ್ಳಿಗೆ ವಾಪಸು ತಿರುಗುತ್ತವೆ.

ನಮ್ಮಿಬ್ಬರ ನಡುವೆ ತೆರೆ ಹಿಡಿದರು. ತೆರೆಯ ಮೇಲಿಂದ ಜೀರಿಗೆ ಬೆಲ್ಲ ಹಾಕಬೇಕು. ನಾನು ಎಡಗೈ ಚಾಚಿದೆ.

"ಬಲಗೈಯಪ್ಪಾ, ಬಲಗೈ!" ಎಂದರು ಪುರೋಹಿತರು. ಆ ದಿನ ನನಗೆ ಅವರ ಮೇಲಿದ್ದ ಭಕ್ತಿಯೆಲ್ಲ ಇಳಿಯಿತು.

ಅರ್ಧ ಜೀರಿಗೆ ಹಾರಿತು, ಅರ್ಧ ಅಂಗೈಗೆ ಅಂಟಿಕೊಂಡಿತು. ತೆರೆ ಸರಿಯಿತು. ಅವಳು ಕಣ್ಣು ತಗ್ಗಿಸಿದ್ದಳು, ತಗ್ಗಿಸಿದ ಕಣ್ಣು ನೇರವಾಗಿ ನನ್ನ ಮುಷ್ಟಿಯ ಮೇಲಿತ್ತು. ಕಂಕಣದ ದಾರದ ಕಡೆಗೆ ಒಂದು ಕೆಂಪು ಗೆರೆ ಇಳಿಯುತ್ತಿದ್ದುದನ್ನು ಇಬ್ಬರೂ ಒಟ್ಟಿಗೇ ನೋಡಿದೆವು. ಮದುವಣಗಿತ್ತಿ ತಲೆ ಎತ್ತಬಾರದು. ಅವಳು ಎತ್ತಿದಳು. ಒಂದು ಕ್ಷಣ ನನ್ನ ಮುಖ ನೋಡಿದಳು, ಅಲ್ಲಿ ಏನು ಕಂಡಿತೋ, ಮತ್ತೆ ತಗ್ಗಿಸಿದಳು. ಅವಳ ಬೆನ್ನ ಹಿಂದೆಯೇ ಸೋದರತ್ತೆ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು.

ಪುರೋಹಿತರು ಕೈ ಮೇಲೆ ಕೈ ಇಡಿಸಿದರು. ನಮ್ಮ ಕಡೆ ಹುಡುಗಿಯರು ಧಾರೆಗೆ ಕೈ ಕೊಡುವುದೆಂದರೆ ಬಾಡಿದ ವೀಳ್ಯದೆಲೆ ಇಟ್ಟಂತೆ. ಇವಳು ಹಾಗೆ ಕೊಡಲಿಲ್ಲ. ಅರಿಶಿನ ಮೆತ್ತಿದ ಅಂಗೈಯಿಂದ ನನ್ನ ಕೈಯನ್ನು ಇಡಿಯಾಗಿ ಮುಚ್ಚಿ, ಹೆಬ್ಬೆರಳಿನಿಂದ ಗಾಯವನ್ನು ಹುಡುಕಿ, ಅದರ ಮೇಲೆ ಒತ್ತಿ ಹಿಡಿದಳು. ಹೂವು ಕಟ್ಟುವವರ ಹೆಬ್ಬೆರಳು ಅದು. ನನ್ನ ಪ್ರಾಣವೇ ಹೋದಂತಾಯಿತು, ಆದರೆ ರಕ್ತ ನಿಂತಿತು.

ಹಾಲು ಹೊಯ್ಯಲು ಜನ ಸಾಲುಗಟ್ಟಿದರು. ಅವರ ಅಪ್ಪ ಅವ್ವ, ನಮ್ಮ ಅಪ್ಪ ಅವ್ವ, ಮಾವ, ಎರಡೂ ಊರಿನ ಜೋಡಿಗಳೆಲ್ಲ ಬಂದರು. ಎಲ್ಲರೂ ಒಂದೊಂದು ಚಮಚ ಹೊಯ್ದು ಹೋಗುತ್ತಿದ್ದರು. ತಾತ, ಅಜ್ಜಿ ಬಂದಾಗ ಅಜ್ಜಿ ಚಮಚ ಬಿಟ್ಟು ಇಡೀ ಚೆಂಬನ್ನೇ ನಮ್ಮ ಕೈಮೇಲೆ ಬಗ್ಗಿಸಿಬಿಟ್ಟಳು. ಮುದುಕಿಗೆ ಕೈ ಹಿಡಿತ ತಪ್ಪಿತು ಎಂದು ಜನ ನಕ್ಕರು. ನನಗೆ ನಗು ಬರಲಿಲ್ಲ. ಹಾಲು, ಅರಿಶಿನ, ಕುಂಕುಮ ಎಲ್ಲ ಸೇರಿ ಕೆಳಗಿನ ತಟ್ಟೆ ತುಂಬಿ ಮಣೆಯ ಮೇಲೆ ಹರಿಯುವುದನ್ನೇ ನೋಡುತ್ತ ನಿಂತಿದ್ದೆ.

ಸೋದರತ್ತೆ ಬಂದಳು. ಬಗ್ಗಿ, ನಮ್ಮ ಕೈಗಳನ್ನು ಬಹಳ ಹೊತ್ತು ನೋಡಿದಳು. ಮುಗಿಯಿತು ಎಂದುಕೊಂಡೆ.

"ಏನವ್ವಾ, ಈಗ್ಲೇ ಇಂಗೆ ಬಿಗಿಯಾಗಿ ಹಿಡ್ಕಂಡಿದ್ದೀಯ? ಎಲ್ಲೂ ಓಡೋಗಕಿಲ್ಲ ಬಿಡು ಅವ್ನು!"

ಚಪ್ಪರವೆಲ್ಲ ನಕ್ಕಿತು. ಹುಡುಗಿ ಕಿವಿಯವರೆಗೆ ಕೆಂಪಾದಳು, ಹಿಡಿತ ಮಾತ್ರ ಒಂದಿಷ್ಟೂ ಸಡಿಲ ಮಾಡಲಿಲ್ಲ. ಸೋದರತ್ತೆಗೆ ಆ ನಗುವಿನ ಮುಂದೆ ಮತ್ತೇನೂ ಹುಡುಕಲು ಮನಸ್ಸು ಬರಲಿಲ್ಲ. ಹಾಲು ಹೊಯ್ದು ಸರಿದಳು. ಕೊನೆಯಲ್ಲಿ ಪುರೋಹಿತರು, "ಸಾಕು, ಬಿಡಮ್ಮ" ಎಂದು ಎರಡು ಸಲ ಹೇಳಬೇಕಾಯಿತು. ಅವಳು ಮೊದಲು ಹೆಬ್ಬೆರಳನ್ನು ಸ್ವಲ್ಪ ಎತ್ತಿ, ಗಾಯ ಕಚ್ಚಿಕೊಂಡಿದೆ ಎಂದು ನೋಡಿ, ಆಮೇಲೆ ಬಿಟ್ಟಳು. ಕಸಿ ಕಟ್ಟುವವರು ನೋಡುವುದೂ ಹಾಗೆಯೇ. ತಾಳಿ ಕಟ್ಟುವಾಗ ನನ್ನ ಬೆರಳಿನಲ್ಲಿ ಅರಿಶಿನ ಬಿಟ್ಟರೆ ಬೇರೆ ಬಣ್ಣ ಇರಲಿಲ್ಲ.

ಒಂದೇ ಎಲೆಯಲ್ಲಿ ಗಂಡು ಹೆಣ್ಣು ಊಟ ಮಾಡುವ ಶಾಸ್ತ್ರಕ್ಕೆ ಕೂತಾಗ, ಸುತ್ತಲಿನ ಗಲಾಟೆಯಲ್ಲಿ ಅವಳು ನನ್ನ ಜೊತೆ ಮೊದಲ ಸಲ ಮಾತಾಡಿದಳು. ಸೆರಗಿನ ಗಂಟಿನಿಂದ ಒಂದು ಅರಿಶಿನದ ಬಟ್ಟೆ ಚೂರು ತೆಗೆದು, ಎಲೆಯ ಮರೆಯಲ್ಲಿ ನನ್ನ ಬೆರಳಿಗೆ ಸುತ್ತುತ್ತ ಕೇಳಿದಳು.

"ಅದುನ್ನ ಮಡಚಬಾರ್ದಾ?"

"ಕಂಕಣ ಬಿಚ್ಚೋಗಂಟ ಮಡಚಬಾರ್ದಂತೆ. ಅಜ್ಜಿ ಹೇಳವ್ಳೆ."

"ನಿಮ್ ಬೆರಳು ಒಳಗಿದ್ದಾಗ ಮಡಚ್ಕಂಡಿತ್ತಲ್ಲ?"

ವಾದದಲ್ಲಿ ನಾನು ಸೋತದ್ದು ಅದೇ ಮೊದಲು. ಸಂತೋಷವಾಯಿತು, ನಿಜವಾಗಿ ಹೇಳುತ್ತೇನೆ, ಬಹಳ ಸಂತೋಷವಾಯಿತು.

ಮದುವೆಯ ನಂತರ ಚಾಕು ನಾನು ಎಣಿಸಿದಂತೆಯೇ ನನ್ನ ಜೇಬು ಸೇರಿತು. ಬೆಳಗ್ಗೆ ಬಟ್ಟೆ ಹಾಕಿಕೊಂಡರೆ ಅದೂ ಬಂತು. ಜಯನಗರದ ಬ್ಲಾಕುಗಳಲ್ಲಿ ಗಿಡ ನೆಡಲು ಹೋದಾಗ ಗೋಣಿಯ ಹೊಲಿಗೆ ಬಿಚ್ಚುವುದರಿಂದ ಹಿಡಿದು ಮನೆಯವರು ಕೊಟ್ಟ ಮಾವಿನಹಣ್ಣು ಹೆಚ್ಚುವವರೆಗೆ ಎಲ್ಲಕ್ಕೂ ಅದೇ. ಚಿಕ್ಕ ಅಲಗಿನಲ್ಲಿ ಕಟ್ಟಿದ ಗುಲಾಬಿಗಳು ಹತ್ತಕ್ಕೆ ಒಂಬತ್ತು ಚಿಗುರುತ್ತಿದ್ದವು. ಮೇಸ್ತ್ರಿ ಬಂದು ನೋಡಿ, ಚಾಕುವನ್ನು ಕೇಳಿ ಪಡೆದು, ಉಗುರಿನ ಮೇಲೆ ಹರಿತ ಪರೀಕ್ಷಿಸಿ, ಏನೂ ಹೇಳದೆ ಹಿಂದಿರುಗಿಸಿದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದು ಸಾಧ್ಯವಿರಲಿಲ್ಲ. ಬಿಡುವಿದ್ದಾಗ ಹೆಂಡತಿಯೂ ಬಂದು ನಾರು ಸುತ್ತುತ್ತಿದ್ದಳು, ನನಗಿಂತ ಬಿಗಿಯಾಗಿ ಸುತ್ತುತ್ತಿದ್ದಳು. ಬೆರಳಿನ ವಿಷಯ ನಮ್ಮಿಬ್ಬರ ಹೊಟ್ಟೆ ಬಿಟ್ಟು ಎಲ್ಲೂ ಹೋಗಲಿಲ್ಲ. ಆದರೂ ಮನೆಯಲ್ಲಿ ಹಾಲು ಒಡೆದರೆ, ಹಸು ಒದ್ದರೆ, ನನಗೆ ಅಜ್ಜಿಯ ಮಾತು ನೆನಪಾಗಿ ಒಳಗೇ ಅಳುಕುತ್ತಿತ್ತು. ಕಬ್ಬಿಣ ರಕ್ತ ನೋಡಿದೆ, ಇದು ಹಸನಾಗುತ್ತದೆಯೇ ಎಂದು.

ಆ ವರ್ಷದ ಆಯುಧಪೂಜೆ ಬಂತು. ನೇಗಿಲು, ಗುದ್ದಲಿ, ಕುಡುಗೋಲು ಎಲ್ಲ ತೊಳೆದು ನಡುಮನೆಯಲ್ಲಿ ಸಾಲಾಗಿಟ್ಟಿದ್ದೆವು. ಅಜ್ಜಿ ಒಂದೊಂದಕ್ಕೂ ಅರಿಶಿನ ಕುಂಕುಮ ಇಡುತ್ತ ಬಂದು, ನನ್ನ ಚಾಕುವಿನ ದೊಡ್ಡ ಅಲಗನ್ನು ಬಿಡಿಸಿದಳು. ಬುಡದಲ್ಲಿ ಹೆಬ್ಬೆರಳಿನಗಲ ಒಂದು ಕಪ್ಪು ಕಲೆ. ಎಷ್ಟು ಬೂದಿ ಹಾಕಿ ತಿಕ್ಕಿದ್ದರೂ ಹೋಗಿರಲಿಲ್ಲ.

"ಇದೇನ್ಲಾ ಕಲೆ?"

ಹೆಂಡತಿ ಮುಂದೆ ಬಂದು, "ನಿಂಬೆಹುಳಿ ಕಣಜ್ಜಿ, ಮದುವೇದು" ಎಂದಳು. ಸುಳ್ಳಲ್ಲ, ಅರ್ಧ ನಿಜ.

ಅಜ್ಜಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. "ನಿಂಬೆಹುಳೀನಂತೆ" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. "ಸುಮ್ಸುಮ್ನೆ ಒಂದು ಚೆಂಬು ಹಾಲು ಹುಯ್ದೆ ಅಂದ್ಕಂಡ್ರಾ ನಾನು? ಅವಳು ಕೈಲಿ ಒತ್ತಿ ಹಿಡ್ಕಂಡಿದ್ಲು. ಕೆಳಗೆ ಮಣೆ ಮ್ಯಾಲೆ ಬಿದ್ದಿದ್ದ ರಕ್ತಾನ ಯಾರು ತೊಳೀಬೇಕಿತ್ತು?"

ನಾನು ಕೇಳಿದೆ, "ಮತ್ತೆ ರಕ್ತ ನೋಡಬಾರ್ದು ಅಂತ ನೀನೇ ಹೇಳಿದ್ದಲ್ಲಜ್ಜಿ? ಹಸನಾಗಕಿಲ್ಲ ಅಂತ?"

"ಹೇಳಿದ್ದೆ. ನಮ್ಮಜ್ಜಿ ನಂಗೆ ಹೇಳಿದ್ಲು, ನಾನು ನಿಂಗೆ ಹೇಳಿದ್ದೆ. ಆದ್ರೆ ಅಂಗೆ ಕೈ ಹಿಡಿಯೋ ಹುಡುಗೀನ ನಮ್ಮಜ್ಜಿ ಕಂಡಿರ್ಲಿಲ್ಲ."

ಹೆಂಡತಿ ಅಡುಗೆಮನೆಯ ಕಡೆ ಓಡಿದಳು. ಅಜ್ಜಿ ಬಟ್ಟಲಿನಿಂದ ಒಂದು ದೊಡ್ಡ ಬೊಟ್ಟು ಕುಂಕುಮ ತೆಗೆದು ಆ ಕಲೆಯ ಮೇಲೇ ಇಟ್ಟಳು. ಆಮೇಲೆ ಅಲಗನ್ನು ಮಡಚಿ, ಕೈಯಿಂದ ಕೈಗೆ ಕೊಡದೆ, ಯಾವಾಗಲೂ ಮಾಡುವಂತೆ ಮಣೆಯ ಮೇಲೆ ಇಟ್ಟಳು. ನಾನು ಎತ್ತಿಕೊಂಡೆ.